ಕರೆಂಟ್ ಬಿಲ್ಲು ಹಿಡಿದು ಮಾಳಿಗೆ ಹತ್ತಿ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ಆರ್‌ಸಿಸಿ ಮನೆಗಳಲ್ಲಿ ರಾತ್ರಿ ಹತ್ತಾದರೂ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ. ಮನೆ ಕಟ್ಟುವಾಗಲೇ ಸೆಖೆ ತಡೆಯಲು ನಿಯಮ ಇಲ್ಲವೇ? ಇದೆ. 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಗೋಡೆ, ಕಿಟಕಿ, ಛಾವಣಿಯಿಂದ ಎಷ್ಟು ಶಾಖ ಒಳಗೆ ಬರಬಹುದು ಎಂದು ಲೆಕ್ಕ ಹಾಕಿ ಹೇಳುತ್ತದೆ. ಆದರೆ ಅದನ್ನು ಬರೆದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಜಾಗಕ್ಕೆ. ನಮ್ಮ 30-40 ಸೈಟು 111 ಚದರ ಮೀಟರ್ ಅಷ್ಟೇ. ದೇಶದ ನಿವ್ವಳ ಕಾರ್ಬನ್ ಹೊರಸೂಸುವಿಕೆ ಸೊನ್ನೆಗೆ ಇಳಿಸುವ ಗುರಿಯೋ 2070ಕ್ಕೆ. ನಮಗೆ ಕೈಗೆ ಸಿಗುವುದು ಹೆಸ್ಕಾಂನ ಕರೆಂಟ್ ಬಿಲ್ಲು. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಹನ್ನೆರಡು ತಿಂಗಳ ಬಿಲ್ಲು ತೆಗೆದು ಯೂನಿಟ್ ಬರೆದುಕೊಳ್ಳಿ. ರೂಪಾಯಿ ಬೇಡ, ಯೂನಿಟ್ ಮಾತ್ರ. ಗೃಹಜ್ಯೋತಿ ಇದ್ದವರಿಗೆ ಇದು ಇನ್ನೂ ಮುಖ್ಯ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಲ್ಲ! ಗದಗಿನ ಕಡೆ ಗಾಳಿಯಂತ್ರ ಎಷ್ಟೇ ತಿರುಗಲಿ, ದೇಶದಲ್ಲಿ ಕಲ್ಲಿದ್ದಲಿನ ಕರೆಂಟೇ ಜಾಸ್ತಿ. ಹಾಗಾಗಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಎಂದು ಹಿಡಿಯಿರಿ.

ಆಮೇಲೆ ಮಾಳಿಗೆ. ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುತ್ತೇವೆ, ಮಾಳಿಗೆಯನ್ನು ಮರೆತೇ ಬಿಡುತ್ತೇವೆ. ಶಿವರಾತ್ರಿ ಆದ ಕೂಡಲೇ ಅಲ್ಲಿ ಚೆನ್ನಾಗಿ ಗುಡಿಸಿ, ತೊಳೆದು, ಒಣಗಲು ಬಿಡಿ. ಅಂಟು ಕಲಸಿದ ಸುಣ್ಣವನ್ನು ಎರಡು ಸಲ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಮಳೆಗಾಲಕ್ಕೆ ಪಾಚಿ ಕಟ್ಟಿ ಕಪ್ಪಾಗುತ್ತದೆ ನಿಜ, ಮುಂದಿನ ವರ್ಷ ಮತ್ತೆ ಬಳಿದರಾಯಿತು. ಇದಕ್ಕಿಂತ ಅಗ್ಗದ ಉಪಾಯ ನನಗಂತೂ ಕಂಡಿಲ್ಲ.

ಈಗ ಫ್ಯಾನು. ಹಳೆಯದು 75 ವ್ಯಾಟ್. ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ಕರೆಂಟ್ ಎಳೆಯುವ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್, 11 ಯೂನಿಟ್ ಸಾಕು. ಎಲ್ಲವನ್ನೂ ಒಮ್ಮೆಗೇ ಬದಲಿಸಬೇಡಿ, ಮಲಗುವ ಕೋಣೆಯದ್ದು ಮೊದಲು. ನಾನು ಉತ್ಸಾಹದಲ್ಲಿ ದೇವರ ಮನೆ ಮುಂದಿನ ಫ್ಯಾನನ್ನೂ ಬದಲಿಸಿದೆ. ಅದು ದಿನಕ್ಕೆ ಅರ್ಧ ತಾಸೂ ತಿರುಗುವುದಿಲ್ಲ, ಸುಮ್ನೆ ದುಡ್ಡು ಹೋಯಿತು.

ಫ್ರಿಜ್ ಕೊಳ್ಳುವಾಗ ಸ್ಟಾರ್ ಎಣಿಸಿ ಸುಮ್ಮನಾಗಬೇಡಿ. ಅದೇ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಅದನ್ನು ಓದಿ.

ಸೋಲಾರ್ ಕೊನೆಗೆ. ಶೂನ್ಯ ಬಿಲ್ಲಿನವರಿಗೆ ಅವಸರವಿಲ್ಲ. 200 ದಾಟುವವರು ಮಾಳಿಗೆ ಸೋಲಾರ್‌ಗೆಂದು ಇರುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಜಾಲತಾಣದಲ್ಲಿ ಅರ್ಜಿ ಹಾಕಬಹುದು. 3 ಕಿಲೋವ್ಯಾಟ್‌ಗೆ ಕೇಂದ್ರದ ಸಹಾಯಧನ 78,000 ರೂಪಾಯಿ. ಬಿಸಿಲು ಚೆನ್ನಾಗಿದ್ದ ದಿನ ಸುಮಾರು 12 ಯೂನಿಟ್ ಬರುತ್ತದೆ, ಸುಮಾರು 300 ಚದರ ಅಡಿ ಜಾಗ ಬೇಕು. ಆದರೆ ಮುಂಗಡ ಕೊಡುವ ಮುಂಚೆ ಬೆಳಿಗ್ಗೆ ಒಂಬತ್ತಕ್ಕೆ, ಮತ್ತೆ ಸಂಜೆ ನಾಲ್ಕಕ್ಕೆ ಮಾಳಿಗೆ ಹತ್ತಿ. ನಳದ ನೀರಿಗೆ ಕಾದು ಕೂರುವ ಊರು ನಮ್ಮದು, ಮನೆಮನೆಗೂ ದೊಡ್ಡ ಟ್ಯಾಂಕು. ಅದರ ನೆರಳು ಎಲ್ಲೆಲ್ಲಿ ಬೀಳುತ್ತದೋ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟು, ಪ್ಯಾನೆಲ್ ಕೂರಿಸಲು ಬಂದವರಿಗೆ ತೋರಿಸಿ.