ಕಮಾನ್ ಪ್ಲೇಟ್ ಹಾಕಿಸಲು ಹೋಗಿ ನೀರಿನ ಟ್ಯಾಂಕ್ ಸರಿಸಿದೆ

ಎದುರಿಗೆ ಬರುವ ಲಾರಿಯವರೆಲ್ಲ ಲೈಟ್ ಹೊಡೆದು ಬೈಯುತ್ತಿದ್ದರು. ನಾನು ಡಿಮ್‌ನಲ್ಲೇ ಇರುತ್ತಿದ್ದೆ. ಗಾಡಿಯ ಹಿಂಭಾಗ ಎಷ್ಟು ಕುಸಿದಿತ್ತೆಂದರೆ, ಹೆಡ್‌ಲೈಟು ರಸ್ತೆ ಬಿಟ್ಟು ಮರದ ಕೊಂಬೆ ನೋಡುತ್ತಿತ್ತು.

ನನ್ನದು ಹಳೇ ಟೆಂಪೊ ಟ್ರಾವೆಲರ್. ಹಿಂದಿನ ಮಾಲೀಕರೇ ಸೀಟು ತೆಗೆಸಿ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಕ್ಯಾಂಪರ್ ಮಾಡಿಸಿದ್ದರು. ಶಿರಾಡಿ ಘಾಟಿಯಲ್ಲಿ ಒಂದೊಂದು ಗುಂಡಿಗೂ ಹಿಂದಿನಿಂದ ಧಡ್ ಅಂತ ಸದ್ದು. ಭಾರ ಹೊರುವ ಕಮಾನ್ ಪ್ಲೇಟು, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಸೋತಿತ್ತು. ಎರಡು ಹಿಂಚಕ್ರಗಳ ನಡುವಿನ ಆಕ್ಸಲ್ ಮೇಲಕ್ಕೆ ಬಂದು ಬಂಪ್ ಸ್ಟಾಪ್ ಅನ್ನುವ ತಡೆ ರಬ್ಬರಿಗೆ ಬಡಿಯುತ್ತಿತ್ತು.

ಮೊದಲ ಸಲ ಅಗ್ಗದ ದಾರಿ ಹಿಡಿದೆ. ಹಳೇ ಪ್ಲೇಟುಗಳನ್ನೇ ಬೆಂಕಿಯಲ್ಲಿ ಕಾಯಿಸಿ, ಬಡಿದು, ಕ್ಯಾಂಬರ್ ಅಂದರೆ ಬಾಗು ಕೊಟ್ಟರು. ಬಿಲ್ಲಿನ ಹಾಗೆ ಚೆನ್ನಾಗಿಯೇ ಕಾಣುತ್ತಿತ್ತು. ನಾಲ್ಕೇ ತಿಂಗಳಲ್ಲಿ ಮತ್ತೆ ಕೂತುಬಿಟ್ಟಿತು. ಸ್ಪ್ರಿಂಗ್ ಸ್ಟೀಲಿಗೆ ಒಂದು ಹದ ಇರುತ್ತದೆ. ಕೆಂಪಗೆ ಕಾಯಿಸಿ ಸುಮ್ನೆ ಆರಲು ಬಿಟ್ಟರೆ ಆ ಹದ ಹೋಗುತ್ತದೆ. ದುಡ್ಡು ಕೊಟ್ಟು ಕಲಿತ ಪಾಠ.

ಆಮೇಲೆ ಹಾಸನದ ಹತ್ತಿರ ಇನ್ನೊಬ್ಬ ಮೆಕ್ಯಾನಿಕ್ ಸಿಕ್ಕರು. ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಕೆಳಗೆ ಬಗ್ಗಿ ನೋಡಿದವರೇ, "ಪ್ಲೇಟ್ ಆಮೇಲೆ ನೋಡೋಣ. ಮೊದ್ಲು ತೂಕ ಹಾಕಿಸ್ಕೊಂಡು ಬನ್ನಿ ಸಾರ್" ಅಂದರು.

ಟ್ಯಾಂಕ್ ತುಂಬಿಸಿ, ಗ್ಯಾಸು, ಪಾತ್ರೆ, ಹಾಸಿಗೆ ಎಲ್ಲ ಹೇರಿಕೊಂಡು ವೇಬ್ರಿಡ್ಜಿಗೆ ಹೋದೆ. ಪೂರ್ತಿ ಗಾಡಿ ಒಂದು ಸಲ, ಮುಂದಿನ ಚಕ್ರ ಮಾತ್ರ ಒಂದು ಸಲ, ಹಿಂದಿನದು ಮಾತ್ರ ಇನ್ನೊಂದು ಸಲ. ಒಟ್ಟು ತೂಕ ಆರ್‌ಸಿಯಲ್ಲಿರುವ ಮಿತಿಯೊಳಗೇ ಇತ್ತು. ಆದರೆ ಹಿಂದಿನ ಆಕ್ಸಲ್ ಅದರ ಮಿತಿ ದಾಟಿತ್ತು. ಕಾರಣ 100 ಲೀಟರಿನ ನೀರಿನ ಟ್ಯಾಂಕು. ಅದು ಹಿಂಬಾಗಿಲ ಪಕ್ಕ, ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ಕೂತಿತ್ತು. ಎತ್ತಿನ ಗಾಡಿಗೆ ಹಿಂಭಾರ ಆದರೆ ನೊಗ ಮೇಲೇಳುತ್ತದೆ ಅಲ್ವಾ, ಇಲ್ಲೂ ಅದೇ. ನನ್ನ ಗಾಡಿಯ ವೀಲ್‌ಬೇಸ್, ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ ಇರುವ ದೂರ, 3350 ಮಿ.ಮೀ. ಲೆಕ್ಕ ಹಾಕಿದರೆ ಆ 100 ಕಿಲೋ ನೀರು ಹಿಂದಿನ ಆಕ್ಸಲ್ ಮೇಲೆ ಸುಮಾರು 130 ಕಿಲೋ ಹಾಕುತ್ತದೆ, ಮುಂದಿನದರಿಂದ 30 ಕಿಲೋ ಎತ್ತುತ್ತದೆ. ಘಾಟಿಯಲ್ಲಿ ಸ್ಟೇರಿಂಗ್ ಯಾಕೆ ತೇಲುತ್ತಿತ್ತು ಅಂತ ಆಗ ಗೊತ್ತಾಯಿತು. ಟ್ಯಾಂಕನ್ನೂ ಬ್ಯಾಟರಿಯನ್ನೂ ಆಕ್ಸಲ್‌ಗಿಂತ ಮುಂದಕ್ಕೆ, ಎಡಕ್ಕೊಂದು ಬಲಕ್ಕೊಂದು ಕೂರಿಸಿದೆ.

ಆಮೇಲೆ ಬಿಚ್ಚಲು ಕೂತೆವು. ಪ್ಲೇಟಿನ ತುದಿಯನ್ನು ಚಾಸಿಗೆ ತೂಗುಹಾಕುವ ಶಾಕಲ್ ಪಿನ್ ತುಕ್ಕು ಹಿಡಿದು ಅಲ್ಲಾಡಲೇ ಇಲ್ಲ. ರಾತ್ರಿಯಿಡೀ ಡೀಸೆಲ್ ಬಿಟ್ಟು ನೆನೆಸಿ, ಬೆಳಿಗ್ಗೆ ಸುತ್ತಿಗೆ ಏಟು ಕೊಟ್ಟರೂ ಒಂದು ಪಿನ್ನಿಗೆ ಗ್ಯಾಸ್ ಕಟ್ಟರೇ ಬೇಕಾಯಿತು. ಬಲಗಡೆಯ ಪ್ಲೇಟುಗಳನ್ನು ಬಿಡಿಸಿದಾಗ ಅವನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ಎರಡು ತುಂಡಾಗಿ ಭಾಯ್ ಕೈಗೆ ಬಂತು. ಮುರಿದ ಮುಖ ಅರ್ಧ ಕಪ್ಪಗೆ, ಅರ್ಧ ಹೊಳಪು. ಅಂದರೆ ಅರ್ಧ ಮುರಿದೇ ಬಹಳ ದಿನ ಓಡಿದೆ. ಆ ಬೋಲ್ಟೇ ಆಕ್ಸಲನ್ನು ಪ್ಲೇಟಿನ ಮೇಲೆ ಜಾಗದಲ್ಲಿ ಹಿಡಿದಿಡೋದು. ಅದು ಹೋದರೆ ಆಕ್ಸಲ್ ಸರಿದು ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ನಾನು ಅಲೈನ್‌ಮೆಂಟ್ ಸರಿಯಿಲ್ಲ ಅಂತ ಎರಡು ಸಲ ದುಡ್ಡು ಸುರಿದಿದ್ದೆ.

ಎರಡೂ ಕಡೆ ಹೊಸ ಪ್ಲೇಟ್ ಸೆಟ್, ಜೊತೆಗೆ ಭಾರ ಹೊರಲು ಒಂದೊಂದು ಹೆಚ್ಚುವರಿ ಹೆಲ್ಪರ್ ಪ್ಲೇಟ್, ಪ್ಲೇಟಿನ ತುದಿಗೆ ಹೊಸ ರಬ್ಬರ್ ಬುಷ್, ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು-ಬೋಲ್ಟ್. ಹಳೇ ಯು-ಬೋಲ್ಟ್ ಮತ್ತೆ ಹಾಕಲೇಬಾರದು, ಒಮ್ಮೆ ಬಿಗಿದಾಗಲೇ ಅದು ಎಳೆದುಕೊಂಡಿರುತ್ತದೆ. ರಬ್ಬರ್ ಬುಷ್ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೇ ಬಿಗಿದೆವು. ಜಾಕಿ ಮೇಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಆಕ್ಸಲ್ ಕಥೆ ಬೇರೆ. ದೊಡ್ಡ ಗಾಡಿಯ ಹೌಸಿಂಗ್ (ಆಕ್ಸಲ್‌ನ ಹೊರ ಕವಚ) ಗುಜರಿಯಲ್ಲಿದೆ, ಹಾಕಿಸಿ ಅಂತ ಒಬ್ಬರು ಆಸೆ ತೋರಿಸಿದ್ದರು. ಅದರೊಳಗಿನ ಕ್ರೌನ್ ಪಿನಿಯನ್ ಗೇರಿನ ಹಲ್ಲಿನ ಲೆಕ್ಕ ಬೇರೆ, ಬ್ರೇಕ್ ಬೇರೆ, ಮೇಲಾಗಿ ಆರ್‌ಸಿ ತಲೆನೋವು. ಬೇಡ ಅಂದೆ. ಎಷ್ಟು ಪ್ಲೇಟ್ ಸೇರಿಸಿದರೂ ಆರ್‌ಸಿಯ ತೂಕದ ಮಿತಿ ಒಂದು ಕಿಲೋನೂ ಜಾಸ್ತಿ ಆಗಲ್ಲ, ಅದು ಬೇರೆ ಮಾತು. ಇದ್ದ ಹೌಸಿಂಗಿಗೇ ವೀಲ್ ಬೇರಿಂಗ್, ಆಯಿಲ್ ಸೀಲ್ ಹೊಸದು ಹಾಕಿದೆವು. ಆ ಸೀಲ್ ಹಿಂದೆ ಎರಡು ಸಲ ಬದಲಿಸಿದ್ದರೂ ಬ್ರೇಕ್ ಲೈನರ್ ಮೇಲೆ ಆಯಿಲ್ ಸುರಿಯುತ್ತಿತ್ತು. ಭಾಯ್ ಹೌಸಿಂಗ್ ಮೇಲಿನ ಬ್ರೀದರ್, ಅಂದರೆ ಗಾಳಿ ಆಡುವ ಸಣ್ಣ ಕೊಳವೆ, ಬಿಚ್ಚಿ, ಒಳಗೆ ಕಲ್ಲಿನಂತೆ ಕಟ್ಟಿದ್ದ ಮಣ್ಣನ್ನು ತಂತಿಯಲ್ಲಿ ಕೆದಕಿದರು. ಬಿಸಿಗಾಳಿಗೆ ಹೋಗಲು ದಾರಿಯಿಲ್ಲದೆ ಸೀಲಿನಿಂದ ಆಯಿಲ್ ತಳ್ಳುತ್ತಿತ್ತು, ಅಷ್ಟೇ.

ಕೊನೆಗೆ ಇನ್ನೊಂದು ನೆನಪಿಸಿದರು. ಹಿಂದಿನ ಬ್ರೇಕಿನ ವಾಲ್ವಿನಿಂದ ಆಕ್ಸಲ್‌ಗೆ ಒಂದು ಸಣ್ಣ ರಾಡ್ ಬರುತ್ತದೆ. ಹಿಂಭಾಗ ಎತ್ತರ ಆದರೆ ಗಾಡಿ ಖಾಲಿಯಿದೆ ಅಂತ ಅದು ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಅದನ್ನೂ ಸೆಟ್ ಮಾಡಿಸಿದೆ.

ಈಗ ಹಿಂಭಾಗ ಆರು ಸೆಂಟಿಮೀಟರ್ ಎದ್ದಿದೆ. ಖಾಲಿ ಓಡಿಸಿದರೆ ಸ್ವಲ್ಪ ಗಡುಸು, ಡಬ್ಬದಲ್ಲಿನ ಚಮಚಗಳೆಲ್ಲ ಕುಣಿಯುತ್ತವೆ. ಇನ್ನೂರು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟುಗಳಿಗೆ ಮತ್ತೆ ಸ್ಪ್ಯಾನರ್ ಹಾಕಿದೆ. ಎಂಟೂ ನಟ್ಟು ಕಾಲು ಸುತ್ತು ತಿರುಗಿದವು.