ಒಂದು ಅಂಗಡಿಗೆ ಒಂದು ವಿಳಾಸ: ಇಮೇಲ್ ಅಲಿಯಾಸ್ ಸೇವೆಯನ್ನು ನಾನು ಆರಿಸಿಕೊಂಡ ಬಗೆ

ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಕಂಪ್ಯೂಟರ್ ನನ್ನ ವೃತ್ತಿಯಲ್ಲ. 2022ರ ಮಳೆಗಾಲದಲ್ಲಿ ಮಗಳ ಪಿಯುಸಿಗಾಗಿ ಒಂದು ತರಬೇತಿ ಸಂಸ್ಥೆಯಲ್ಲಿ ವಿಚಾರಿಸಲು ಹೋದಾಗ, ಶುಲ್ಕದ ವಿವರ ಕೊಡುವ ಮೊದಲೇ ಒಂದು ಫಾರ್ಮ್ ತುಂಬಿಸಿಕೊಂಡರು. ಮುಂದಿನ ವಾರದಿಂದ ಶಿಕ್ಷಣ ಸಾಲ, ವಿದೇಶಿ ವಿಶ್ವವಿದ್ಯಾಲಯ, ಹಾಸ್ಟೆಲ್, ಕೊನೆಗೆ ಪೀಠೋಪಕರಣದವರೆಗೆ ದಿನಕ್ಕೆ ಹತ್ತಾರು ಮೇಲ್‌ಗಳು ಬರತೊಡಗಿದವು. ವಿಳಾಸ ಎಲ್ಲಿಂದ ಹೊರಬಿತ್ತೆಂಬ ಗುಮಾನಿ ನನಗಿತ್ತು, ಆದರೆ ಆಧಾರವಿರಲಿಲ್ಲ. ಏಕೆಂದರೆ ಬ್ಯಾಂಕಿಗೂ ಕಿರಾಣಿ ಆ್ಯಪ್‌ಗೂ ಆ ಸಂಸ್ಥೆಗೂ ನಾನು ಕೊಟ್ಟಿದ್ದು ಒಂದೇ ಜಿಮೇಲ್ ವಿಳಾಸ.

ಮೊದಲು ಪ್ರಯತ್ನಿಸಿದ್ದು ಜಿಮೇಲ್‌ನಲ್ಲೇ ಇರುವ ಪ್ಲಸ್ ಚಿಹ್ನೆಯ ಉಪಾಯವನ್ನು. ಹೆಸರಿನ ನಂತರ ಪ್ಲಸ್ ಹಾಕಿ ಅಂಗಡಿಯ ಹೆಸರು ಸೇರಿಸಿದರೂ ಮೇಲ್ ನಮ್ಮ ಪೆಟ್ಟಿಗೆಗೇ ಬರುತ್ತದೆ. ಆದರೆ ಹಲವು ಜಾಲತಾಣಗಳು ಆ ಚಿಹ್ನೆಯನ್ನೇ ಒಪ್ಪಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ಲಸ್‌ನಿಂದ ಆಚೆಗಿನದನ್ನು ಅಳಿಸಿದರೆ ನಿಜವಾದ ವಿಳಾಸ ಹಾಗೆಯೇ ಉಳಿಯುತ್ತದೆ. ಪಟ್ಟಿ ಮಾರುವವರಿಗೆ ಇದು ಕ್ಷಣದ ಕೆಲಸ. ಗುರುತು ಹಾಕಿಕೊಳ್ಳಲು ಇದು ಸಾಲುತ್ತದೆ, ಮರೆಮಾಚಲು ಸಾಲದು.

ಅಲಿಯಾಸ್ ಸೇವೆಯ ಕೆಲಸ ಬೇರೆ ಬಗೆಯದು. ನಾನು ಚಿಕ್ಕವನಿದ್ದಾಗ ಊರಿನ ನಮ್ಮ ಮನೆಯ ಪತ್ರಗಳು ಬಸ್‌ ನಿಲ್ದಾಣದ ಕಿರಾಣಿ ಅಂಗಡಿಯ ಕೇರ್ ಆಫ್ ವಿಳಾಸಕ್ಕೆ ಬರುತ್ತಿದ್ದವು. ಕಳುಹಿಸಿದವರಿಗೆ ನಮ್ಮ ಮನೆ ಗೊತ್ತಿರಬೇಕಾಗಿರಲಿಲ್ಲ, ಅಂಗಡಿಯವರಿಗೆ ಗೊತ್ತಿದ್ದರೆ ಸಾಕಿತ್ತು. ಇಲ್ಲಿಯೂ ಅಷ್ಟೆ. ಸೇವೆಯು ಅಲಿಯಾಸ್ ಎಂಬ ಕೇರ್ ಆಫ್ ವಿಳಾಸಗಳನ್ನು ಬೇಕಾದಷ್ಟು ಮಾಡಿಕೊಡುತ್ತದೆ, ಅವುಗಳಿಗೆ ಬಂದದ್ದನ್ನು ನಮ್ಮ ಪೆಟ್ಟಿಗೆಗೆ ರವಾನಿಸುತ್ತದೆ, ಯಾವುದಾದರೂ ಒಂದಕ್ಕೆ ಕಸ ಬರತೊಡಗಿದರೆ ಅದೊಂದನ್ನೇ ಮುಚ್ಚಲು ಬಿಡುತ್ತದೆ.

ಉಚಿತವಾಗಿ ಸಿಗುವವುಗಳನ್ನು ಒಂದೊಂದಾಗಿ ಬಳಸಿ ನೋಡಿದೆ. ಮೊಜಿಲ್ಲಾದ ಫೈರ್‌ಫಾಕ್ಸ್ ರಿಲೇ ಆಗ ಉಚಿತವಾಗಿ ಐದು ವಿಳಾಸ ಕೊಡುತ್ತಿತ್ತು. ಐದು ನನಗೆ ಎರಡೇ ದಿನಕ್ಕೆ ಮುಗಿದವು. ಡಕ್‌ಡಕ್‌ಗೋ ಸೇವೆಗೆ ಅಂಥ ಮಿತಿಯಿಲ್ಲ, ಮೇಲ್ ತೆರೆದದ್ದನ್ನು ಕಳುಹಿಸಿದವರಿಗೆ ತಿಳಿಸುವ ಕಾಣದ ಚಿತ್ರಗಳನ್ನು ಅದು ತೆಗೆದುಹಾಕುವುದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅಲ್ಲಿ ಸ್ವಂತ ಡೊಮೈನ್, ಅಂದರೆ ವಿಳಾಸದಲ್ಲಿ ಅಟ್ ಚಿಹ್ನೆಯ ನಂತರ ಬರುವ ಹೆಸರನ್ನು ನಮ್ಮದನ್ನಾಗಿಯೇ ಸೇರಿಸುವ ದಾರಿಯಿರಲಿಲ್ಲ. ಕ್ಲೌಡ್‌ಫ್ಲೇರ್‌ನ ಇಮೇಲ್ ರೂಟಿಂಗ್ ಸ್ವಂತ ಡೊಮೈನ್ ಇದ್ದವರಿಗೆ ಉಚಿತ. ಮುಂದಕ್ಕೆ ಕಳುಹಿಸುತ್ತದೆ, ಆದರೆ ಅದೇ ವಿಳಾಸದಿಂದ ಉತ್ತರ ಬರೆಯಬೇಕಾದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಹಿಂದೆ ಅನಾನ್‌ಆ್ಯಡಿ ಎನ್ನುತ್ತಿದ್ದ ಆ್ಯಡಿ ಡಾಟ್ ಐಒ ಮತ್ತು ಸಿಂಪಲ್‌ಲಾಗಿನ್ ಎರಡರಲ್ಲಿಯೂ ಸ್ವಂತ ಡೊಮೈನ್ ಸೇರಿಸಬಹುದು, ಅಲಿಯಾಸ್‌ನಿಂದಲೇ ಉತ್ತರ ಬರೆಯಬಹುದು; ಎರಡರ ಮೂಲ ಸಂಕೇತವೂ ಯಾರು ಬೇಕಾದರೂ ನೋಡುವಂತೆ ಮುಕ್ತವಾಗಿದೆ. ನಾನು ಹಣ ಕೊಟ್ಟು ಸಿಂಪಲ್‌ಲಾಗಿನ್ ತೆಗೆದುಕೊಂಡೆ. ಚಂದಾ ನಿಂತರೂ ಹಳೆಯ ಅಲಿಯಾಸ್‌ಗಳು ಕೆಲಸ ಮಾಡುತ್ತಲೇ ಇರುತ್ತವೆ, ಹೊಸದನ್ನು ಮಾಡಲಾಗುವುದಿಲ್ಲ ಅಷ್ಟೆ ಎಂದು ಅವರು ಸ್ಪಷ್ಟವಾಗಿ ಹೇಳಿದ್ದು ಮುಖ್ಯ ಕಾರಣ. 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳ ನಂತರ ವಿದೇಶಿ ಚಂದಾಗಳ ತಾನಾಗಿಯೇ ಆಗುವ ಪಾವತಿ ನಮ್ಮ ಕಾರ್ಡುಗಳಲ್ಲಿ ಆಗಾಗ ನಿಂತುಬಿಡುತ್ತದೆ. ಹಾಗಿರುವಾಗ ಒಂದು ಪಾವತಿ ತಪ್ಪಿದ ಮಾತ್ರಕ್ಕೆ ವಿಳಾಸಗಳೆಲ್ಲ ಸತ್ತುಹೋಗುವ ಸೇವೆಯನ್ನು ನಂಬಿ ಕೂರುವಂತಿಲ್ಲ.

ಆದರೆ ಸೇವೆಗಿಂತಲೂ ಮುಖ್ಯವಾದ ನಿರ್ಧಾರ ಡೊಮೈನ್ ಕೊಳ್ಳುವುದು ಎಂದು ನನಗೆ ತಿಳಿಯಲು ಕೆಲವು ತಿಂಗಳು ಬೇಕಾದವು. ಸೇವೆಯವರ ಡೊಮೈನಿನಡಿ ನೂರು ವಿಳಾಸ ಮಾಡಿಕೊಂಡರೆ ಆ ನೂರೂ ಅವರವೇ. ಅವರು ಬಾಗಿಲು ಹಾಕಿದ ದಿನ ನೂರು ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿಯೂ ಮುಚ್ಚುತ್ತದೆ. ಸ್ವಂತ ಡೊಮೈನ್ ಇದ್ದರೆ ಎಂಎಕ್ಸ್ ದಾಖಲೆ, ಅಂದರೆ ಈ ಹೆಸರಿಗೆ ಬಂದ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಸಾಲು, ನಮ್ಮ ಕೈಯಲ್ಲೇ ಇರುತ್ತದೆ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು. ನಾನು ಮನೆತನದ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲದ ಒಂದು ಪದವನ್ನು ಆರಿಸಿ, ಐದು ವರ್ಷಕ್ಕೆ ಒಟ್ಟಿಗೆ ಹಣ ಕಟ್ಟಿದೆ. ಅವಧಿ ಮುಗಿದ ಡೊಮೈನನ್ನು ಬೇರೆಯವರು ಕೊಂಡರೆ ನಮ್ಮ ಮೇಲ್‌ಗಳೆಲ್ಲ ಅವರ ಪಾಲಾಗುತ್ತವೆ.

ಇದಕ್ಕೊಂದು ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಆ ಡೊಮೈನಿನಲ್ಲಿ ಇರುವವನು ನಾನೊಬ್ಬನೇ. ಎರಡು ಅಂಗಡಿಗಳು ಪಟ್ಟಿಗಳನ್ನು ಜೋಡಿಸಿ ನೋಡಿದರೆ ಅಟ್ ಚಿಹ್ನೆಯ ನಂತರದ ಭಾಗದಿಂದಲೇ ಇವರಿಬ್ಬರೂ ಒಬ್ಬನೇ ಎಂದು ಗೊತ್ತಾಗಿಬಿಡುತ್ತದೆ. ಸೇವೆಯವರ ಡೊಮೈನಿನಲ್ಲಾದರೆ ಸಾವಿರಾರು ಜನರ ನಡುವೆ ಕಳೆದುಹೋಗಬಹುದು, ಆದರೆ ಅಂಥ ಡೊಮೈನ್‌ಗಳನ್ನು ಕೆಲವು ಜಾಲತಾಣಗಳು ಗುರುತಿಸಿ ನಿರಾಕರಿಸುತ್ತವೆ. ಹೀಗಾಗಿ ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ: ಹಲವು ವರ್ಷ ಉಳಿಯುವ ಖಾತೆಗಳಿಗೆ ಸ್ವಂತ ಡೊಮೈನ್, ಒಮ್ಮೆ ನೋಡಿ ಬಿಡುವ ಅಥವಾ ನನ್ನ ಗುರುತು ತಿಳಿಯಲೇಬಾರದ ಕಡೆಗೆ ಸೇವೆಯವರ ಡೊಮೈನಿನ ವಿಳಾಸ.

ಸ್ವಂತ ಡೊಮೈನಿನ ಸುಖ ತಿಳಿದದ್ದು ಒಂದು ಕನ್ನಡಕದ ಅಂಗಡಿಯಲ್ಲಿ. ಬಿಲ್ಲು ಮೇಲ್‌ನಲ್ಲೇ ಬರುತ್ತದೆ ಎಂದು ಕೌಂಟರಿನ ಹುಡುಗ ವಿಳಾಸ ಕೇಳಿದ. ಫೋನ್ ತೆಗೆಯದೆ, ಮೊದಲೇ ಏನನ್ನೂ ಸಿದ್ಧಪಡಿಸಿರದೆ, ಅವನ ಅಂಗಡಿಯ ಹೆಸರನ್ನೇ ಮುಂದಿಟ್ಟು ಒಂದು ವಿಳಾಸ ಹೇಳಿದೆ. ಅವನು ಅರ್ಧ ಟೈಪ್ ಮಾಡಿ ತಲೆಯೆತ್ತಿದ: "ಸರ್, ಇದು ನಿಮ್ದ ಮೇಲ್ ಐಡಿ ಐತ್ರಿ? ನಮ್ಮ ಅಂಗಡಿ ಹೆಸರ ಬಂದೈತಲ್ರಿ?" "ನಂದ ಐತಪಾ, ಹಂಗ ಟೈಪ್ ಮಾಡು" ಎಂದೆ. ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಬಿಲ್ಲು ಬಂತು. ಡೊಮೈನಿಗೆ ಬಂದ ಯಾವ ಹೆಸರಿನ ಮೇಲನ್ನಾದರೂ ಸ್ವೀಕರಿಸಿ, ಆ ಕ್ಷಣವೇ ಅಲಿಯಾಸ್ ಹುಟ್ಟಿಸುವ ಕ್ಯಾಚ್-ಆಲ್ ಸೌಲಭ್ಯ ಇದು. ಆದರೆ ಇದನ್ನು ಪೂರ್ತಿ ತೆರೆದಿಟ್ಟದ್ದು ನನ್ನ ತಪ್ಪಾಯಿತು. ಇನ್ಫೊ, ಅಡ್ಮಿನ್, ಸೇಲ್ಸ್ ಎಂದು ಊಹಿಸಿ ಕಳುಹಿಸುವ ಕಸದಿಂದ ಒಂದೇ ತಿಂಗಳಲ್ಲಿ ನಾನು ಯಾರಿಗೂ ಕೊಡದ ಅಲಿಯಾಸ್‌ಗಳು ಹುಟ್ಟಿಕೊಂಡವು. ಈಗ ಅಂಗಡಿಯ ಹೆಸರಿನ ಕೊನೆಗೆ ನಾನೇ ನಿಶ್ಚಯಿಸಿಕೊಂಡ ಎರಡಕ್ಷರ ಇದ್ದರೆ ಮಾತ್ರ ಅಲಿಯಾಸ್ ಹುಟ್ಟುವಂತೆ ನಿಯಮ ಬರೆದಿದ್ದೇನೆ.

ಮುಂದಕ್ಕೆ ಕಳುಹಿಸುವುದರ ಒಳಗಿನ ತೊಡಕನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸೇವೆಗಳ ಗುಣಮಟ್ಟ ಬೇರೆಬೇರೆಯಾಗುವುದು ಇಲ್ಲಿಯೇ. ಸಾಮಾನ್ಯವಾಗಿ ಒಂದು ಡೊಮೈನ್ ತನ್ನ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದೆಂದು ಎಸ್‌ಪಿಎಫ್ ದಾಖಲೆಯಲ್ಲಿ ಹೇಳಿರುತ್ತದೆ. ನಡುವಿನ ಸೇವೆ ಆ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ, ಅದು ಮೇಲನ್ನು ಹಾಗೆಯೇ ದಾಟಿಸಿದರೆ ಜಿಮೇಲ್‌ನ ಕಣ್ಣಿಗೆ ಬೇರೆಯವರ ಹೆಸರಿನಲ್ಲಿ ಬಂದ ಮೇಲ್‌ನಂತೆ ಕಾಣಬಹುದು. ಡಿಕಿಮ್ ಸಹಿ, ಅಂದರೆ ಮೇಲ್ ಆ ಡೊಮೈನಿನದೇ, ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸುವ ಮುದ್ರೆ, ಮೇಲ್‌ನೊಳಗೇ ಇರುತ್ತದೆ, ಒಳಗಿನದನ್ನು ಯಾರೂ ಮುಟ್ಟದಿದ್ದರೆ ಉಳಿಯುತ್ತದೆ. ಆದರೆ ಸೇವೆಯು ಮೇಲ್‌ನ ಒಳಬರಹಕ್ಕೆ ತನ್ನದೊಂದು ಸಾಲು ಸೇರಿಸಿದರೂ ಆ ಸಹಿ ಸಾಮಾನ್ಯವಾಗಿ ಮುರಿಯುತ್ತದೆ. ಸಿಂಪಲ್‌ಲಾಗಿನ್ ಇದನ್ನು ಬಗೆಹರಿಸುವುದು ಕಳುಹಿಸಿದವರ ವಿಳಾಸದ ಜಾಗದಲ್ಲಿ ತಾನೇ ಹುಟ್ಟಿಸಿದ ಮರುವಿಳಾಸವನ್ನಿಟ್ಟು. ಅದಕ್ಕೆ ಉತ್ತರ ಬರೆದರೆ ಅದು ಅಲಿಯಾಸ್‌ನ ಹೆಸರಿನಲ್ಲೇ ಹೋಗುತ್ತದೆ, ನಮ್ಮ ಪೆಟ್ಟಿಗೆಯ ವಿಳಾಸ ಕಾಣುವುದಿಲ್ಲ. ಕಾಣುವುದಿಲ್ಲ ಎಂದು ನಂಬಿ ಉತ್ತರಿಸಿದ ಮೊದಲ ಮೇಲ್‌ನ ಕೆಳಗೆ ನನ್ನ ಪೂರ್ಣ ಹೆಸರು, ಹುದ್ದೆ, ಜಿಮೇಲ್ ವಿಳಾಸ ಇದ್ದ ಸಹಿ ತಾನಾಗಿಯೇ ಅಂಟಿಕೊಂಡು ಹೋಗಿತ್ತು. ಅಂದೇ ಆ ಸಹಿಯನ್ನು ಅಳಿಸಿದೆ.

ಮರುವಿಳಾಸದಿಂದ ಇನ್ನೊಂದು ಪರಿಣಾಮವಿದೆ. ಕಳುಹಿಸಿದವರು ನಿಜವಾಗಿ ಬ್ಯಾಂಕಿನವರೋ ಮೋಸಗಾರರೋ ಎಂದು ವಿಳಾಸ ನೋಡಿ ತಿಳಿಯುವ ಅಭ್ಯಾಸಕ್ಕೆ ಇಲ್ಲಿ ಅಡ್ಡಿಯಾಗುತ್ತದೆ. ಸೇವೆಯವರು ನಮ್ಮ ಮೇಲ್‌ಗಳನ್ನು ಓದಬಲ್ಲ ಸ್ಥಾನದಲ್ಲಿರುತ್ತಾರೆ ಎಂಬುದೂ ಸತ್ಯ; ಪಿಜಿಪಿ ಬಳಸಿ ಗೂಢಲಿಪಿಯಲ್ಲಿ ದಾಟಿಸುವ ಆಯ್ಕೆಯಿದ್ದರೂ ಮೊದಲು ಅದು ಅವರ ಸರ್ವರ್‌ಗೆ ಬಂದೇ ಬರಬೇಕು. ಈ ಎರಡು ಕಾರಣಗಳಿಗಾಗಿ ಬ್ಯಾಂಕು, ಆದಾಯ ತೆರಿಗೆ, ಭವಿಷ್ಯ ನಿಧಿ, ಡಿಜಿಲಾಕರ್ ಇವಿಷ್ಟನ್ನೂ ಅಲಿಯಾಸ್‌ನ ಹೊರಗೆ, ಬೇರೆ ಯಾರಿಗೂ ಕೊಡದ ಒಂದು ನೇರ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಇನ್ನು ಮೊಬೈಲ್ ಸಂಖ್ಯೆ: ನಮ್ಮಲ್ಲಿ ಒಟಿಪಿಗಾಗಿ ಎಲ್ಲರೂ ಕೇಳುವುದು ಅದನ್ನೇ, ಆ ಸಂಖ್ಯೆಯನ್ನು ಇಮೇಲ್ ಅಲಿಯಾಸ್ ಮರೆಮಾಡಲಾರದು.

2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು ಪ್ರೋಟಾನ್ ಮೇಲ್ ಎಂಬ ಇಮೇಲ್ ಸೇವೆಯನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಸಂಸ್ಥೆಯೊಂದರ ಮಹಿಳಾ ನೌಕರರನ್ನು ಗುರಿಮಾಡಿ ಅಶ್ಲೀಲ ಮೇಲ್‌ಗಳು ಬಂದ ಪ್ರಕರಣವದು; ದೂರು ಗಂಭೀರವಾದದ್ದೇ. ಸಿಂಪಲ್‌ಲಾಗಿನ್ 2022ರಿಂದ ಅದೇ ಪ್ರೋಟಾನ್ ಕಂಪನಿಯದು. ಪತ್ರಿಕೆಯಲ್ಲಿ ಸುದ್ದಿ ಓದಿದ ಮರುಕ್ಷಣವೇ ನನ್ನ ಇನ್ನೂರಕ್ಕೂ ಹೆಚ್ಚಿನ ಅಲಿಯಾಸ್‌ಗಳು ಕಣ್ಣ ಮುಂದೆ ಬಂದವು.

ಆ ಭಾನುವಾರ ಬೆಳಿಗ್ಗೆ, ತೊರೆಯಬೇಕಾಗಿ ಬಂದರೆ ತೊರೆಯಲು ಆಗುತ್ತದೆಯೇ ಎಂದು ಪರೀಕ್ಷಿಸಲು ಕುಳಿತೆ. ಅಲಿಯಾಸ್‌ಗಳ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡೆ. ಸೇವೆಯವರ ಡೊಮೈನಿನಲ್ಲಿದ್ದ ನಲವತ್ತರಷ್ಟು ವಿಳಾಸಗಳಲ್ಲಿ ಕಳೆದುಕೊಳ್ಳಬಾರದಂಥವು ಆರು. ಆ ಆರು ಖಾತೆಗಳನ್ನು ಅಂದೇ ಸ್ವಂತ ಡೊಮೈನಿಗೆ ಬದಲಿಸಿದೆ. ಆಮೇಲೆ ಆ್ಯಡಿ ಡಾಟ್ ಐಒದಲ್ಲಿ ಹಣ ಕಟ್ಟಿ ನನ್ನ ಡೊಮೈನ್ ಸೇರಿಸಿ, ಪಟ್ಟಿಯಲ್ಲಿದ್ದ ಸ್ವಂತ ಡೊಮೈನಿನ ಹಳೆಯ ಅಲಿಯಾಸ್‌ಗಳನ್ನು ಅಲ್ಲಿಗೆ ಏರಿಸಿ, ಅದೇ ನಿಯಮವನ್ನು ಅಲ್ಲಿಯೂ ಬರೆದು, ಡೊಮೈನ್ ಕೊಂಡ ಕಡೆ ಹೋಗಿ ಎಂಎಕ್ಸ್‌ನ ಎರಡು ಸಾಲುಗಳನ್ನು ಬದಲಿಸಿದೆ. ಕಳುಹಿಸುವವರ ಕಡೆ ಹಳೆಯ ದಾಖಲೆ ಸ್ವಲ್ಪ ಹೊತ್ತು ಉಳಿದಿರುತ್ತದೆ ಎಂದು ಗೊತ್ತಿದ್ದುದರಿಂದ ಊಟ ಮುಗಿಸಿ ಬಂದು, ಮಗಳ ಫೋನಿನಿಂದ ಕನ್ನಡಕದ ಅಂಗಡಿಯ ಹೆಸರಿನ ಆ ವಿಳಾಸಕ್ಕೆ ಒಂದು ಸಾಲಿನ ಮೇಲ್ ಕಳುಹಿಸಿದೆ. ಅದು ಹೊಸ ದಾರಿಯಲ್ಲಿ ಬಂದು ನನ್ನ ಪೆಟ್ಟಿಗೆ ಸೇರಿತು.