ಹೆಸರು ಬಿಟ್ಟೆ, ತಾರೀಖು ಹಿಡಿದೆ: ಒಬ್ಬ ಲೆಫ್ಟಿನೆಂಟನ ಜಾಡು

ಮೂರು ವರ್ಷ ಹಿಡಿಯಿತು. ಪೋರ್ಟ್ಸ್‌ಮತ್‌ನಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಚರ್ಚು, ಅದರ ಅಂಗಳದಲ್ಲಿ ಅರ್ಧ ಸವೆದ ಸಮಾಧಿ ಕಲ್ಲು. ಹೆಸರು ಓದಲು ಬರುತ್ತದೆ, ಅದರ ಕೆಳಗೆ ‘ಲೆಫ್ಟಿನೆಂಟ್, ರಾಯಲ್ ನೇವಿ’ ಎಂದಿದೆ. ಇಸವಿ ಅಳಿಸಿಹೋಗಿದೆ. ಹೆಸರೋ, ನಮ್ಮ ಕಡೆ ಮಂಜುನಾಥ ಇದ್ದಂತೆ, ಬೀದಿಗೆ ನಾಲ್ವರು. ಇಲ್ಲಿನ ಇತಿಹಾಸಾಸಕ್ತರ ಗುಂಪಿನ ಹಿರಿಯರು ‘ಇವನನ್ನು ಬಿಟ್ಟುಬಿಡಿ, ಸಿಗುವವನಲ್ಲ’ ಎಂದಿದ್ದರು. ಸಿಕ್ಕಿದ. ಹಡಗು ಹತ್ತಿದ ದಿನದಿಂದ ಮಣ್ಣಾದ ದಿನದವರೆಗೆ ಎಲ್ಲ ನನ್ನ ಕಡತದಲ್ಲಿದೆ.

ಅವರ ಅನುಮಾನ ತಪ್ಪಲ್ಲ. ನೌಕಾಧಿಕಾರಿಗಳ ಜೀವನಚರಿತ್ರೆ ಬರೆದ ಮಾರ್ಷಲ್ಲನ ಸಂಪುಟಗಳು ಲೆಫ್ಟಿನೆಂಟನಿಗಿಂತ ಒಂದು ಮೆಟ್ಟಿಲು ಮೇಲಿನ ಕಮಾಂಡರ್ ಹುದ್ದೆಗಿಂತ ಕೆಳಗೆ ಇಳಿಯುವುದಿಲ್ಲ. ಓಬರ್ನ್‌ನ 1849ರ ನೌಕಾಧಿಕಾರಿಗಳ ಜೀವನಚರಿತ್ರೆ ನಿಘಂಟಿನಲ್ಲಿ ಲೆಫ್ಟಿನೆಂಟರೂ ಇದ್ದಾರೆ, ಆದರೆ ಅವನು ಬರೆಯಲು ಕೂತಾಗ ಬದುಕಿದ್ದವರು ಮಾತ್ರ. ಲೆಫ್ಟಿನೆಂಟ್ ಆಗಿಯೇ ಅದಕ್ಕೂ ಮುಂಚೆ ತೀರಿಕೊಂಡವನು ಎರಡರ ನಡುವಿನ ಸಂದಿಗೆ ಬೀಳುತ್ತಾನೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ನೌಕಾಪಡೆಯ ಕಡತಗಳಿಗೆ ‘ಎಡಿಎಂ’ ಎಂಬ ಗುರುತು; ಅಧಿಕಾರಿಗಳ ಸೇವಾ ದಾಖಲೆಗಳಿರುವ ಎಡಿಎಂ 196ರಲ್ಲೂ ನನ್ನವನ ಸುಳಿವಿರಲಿಲ್ಲ.

ಮೊದಲ ವರ್ಷವಿಡೀ ಹೆಸರಿನ ಬೆನ್ನು ಹತ್ತಿದೆ. ಅದೇ ಹೆಸರಿನ ಉಯಿಲು ಕಂಡಲ್ಲೆಲ್ಲ ಡೌನ್‌ಲೋಡ್ ಮಾಡಿದೆ, ಆಗ ಒಂದಕ್ಕೆ ಮೂರೂವರೆ ಪೌಂಡ್. ಹನ್ನೊಂದೋ ಹನ್ನೆರಡೋ ಆದವು. ಒಂದು ಹಡಗಿನ ಲೆಕ್ಕ, ಸಾಮಾನು ನೋಡಿಕೊಳ್ಳುವ ಪರ್ಸರನದು, ಒಂದು ಹಡಗಿನ ಬಡಗಿಯದು, ಒಂದು ಹೆಂಡದ ವ್ಯಾಪಾರಿಯದು. ಸೋತು ಖಾಸಗಿ ಸಂಶೋಧಕರೊಬ್ಬರಿಗೆ 180 ಪೌಂಡ್ ಕೊಟ್ಟೆ. ಅವರು ಕಳಿಸಿದ ಎರಡು ಪುಟದಲ್ಲಿ ಅಪ್ಪ ಒಬ್ಬನದು, ಹಡಗು ಇನ್ನೊಬ್ಬನದು. ಕ್ಯೂಗೆ ಓಡಾಡಿದ ರೈಲಿನ ಖರ್ಚೂ ಸೇರಿ 600 ಪೌಂಡ್ ದಾಟಿರಬೇಕು. ಲೆಕ್ಕ ನೋಡಿದ ಹೆಂಡತಿ, ‘ಈ ದುಡ್ಡಲ್ಲಿ ಕಾರವಾರದಿಂದ ಅತ್ತೆ ಬಂದು ಹೋಗಬಹುದಿತ್ತು’ ಎಂದಳು. ಆ ಮಾತು ಇನ್ನೂ ಚುಚ್ಚುತ್ತದೆ.

ನೌಕಾಧಿಕಾರಿಗಳ ಅಧಿಕೃತ ಪಟ್ಟಿಯಾದ ‘ನೇವಿ ಲಿಸ್ಟ್’ನ ಜ್ಯೇಷ್ಠತಾ ಪುಟಗಳನ್ನು ವರ್ಷಕ್ಕೊಂದರಂತೆ 1815ರಿಂದ 1840ರವರೆಗೆ ಸಾಲಾಗಿ ಜೋಡಿಸಿದ ಮೇಲೆ ದಾರಿ ತೆರೆಯಿತು. ಮದುವೆ ಮನೆಯ ಊಟದ ಪಂಕ್ತಿಯ ಹಾಗೆ ಅದು. ಕಮಿಷನ್ನಿನ, ಅಂದರೆ ಅಧಿಕಾರಿಯಾಗಿ ನೇಮಕವಾದ, ತಾರೀಖಿಗೆ ತಕ್ಕಂತೆ ಒಮ್ಮೆ ಎಲೆಯ ಮುಂದೆ ಕೂತವನು, ಬಡ್ತಿ ಬರುವವರೆಗೆ ಇಲ್ಲವೇ ಸಾಯುವವರೆಗೆ, ಸಾಮಾನ್ಯವಾಗಿ ಅದೇ ಕ್ರಮದಲ್ಲಿರುತ್ತಾನೆ. ಪಕ್ಕದವರು ಎದ್ದು ಹೋಗಬಹುದು, ಹೊಸಬ ಬಂದು ನಡುವೆ ತೂರುವಂತಿಲ್ಲ. ಹಾಗಾಗಿ ಹೆಸರು ಹುಡುಕುವುದನ್ನೇ ಬಿಟ್ಟೆ. ತಾರೀಖು, ಮೇಲಿನ ಮೂವರು, ಕೆಳಗಿನ ಮೂವರು, ಇಷ್ಟನ್ನೇ ಎಕ್ಸೆಲ್‌ನಲ್ಲಿ ತುಂಬಿದೆ. ಸ್ಕ್ಯಾನ್‌ನಲ್ಲಿ ನಮ್ಮವನ ಹೆಸರು ಕಲಸಿಹೋಗಿದ್ದರೂ ಅಕ್ಕಪಕ್ಕದವರು ಅವನ ಜಾಗ ತೋರಿಸಿಕೊಡುತ್ತಾರೆ.

ನಂಬುವ ಮೊದಲು, ಯಾರ ಬದುಕಿನ ವಿವರ ಮೊದಲೇ ಗೊತ್ತಿತ್ತೋ ಅಂಥವರ ಮೇಲೆ ಪರೀಕ್ಷೆ ಮಾಡಿದೆ. ಕಾದಂಬರಿಕಾರ್ತಿ ಜೇನ್ ಆಸ್ಟೆನ್‌ಳ ಅಣ್ಣ ಫ್ರಾನ್ಸಿಸ್, ತಮ್ಮ ಚಾರ್ಲ್ಸ್. ಫ್ರಾನ್ಸಿಸ್ 1800ರಲ್ಲಿ ಕ್ಯಾಪ್ಟನ್ ಆದ, ರಿಯರ್ ಅಡ್ಮಿರಲ್ ಆದದ್ದು 1830ರಲ್ಲಿ. ಚಾರ್ಲ್ಸ್ 1810ರ ಕ್ಯಾಪ್ಟನ್, 1846ರ ರಿಯರ್ ಅಡ್ಮಿರಲ್. ಮೂವತ್ತು, ಮೂವತ್ತಾರು ವರ್ಷ ಮೇಲಿನವರ ಸಾವಿಗೆ ಕಾಯುವ ಕೆಲಸ! ಚಾರ್ಲ್ಸ್ 1852ರಲ್ಲಿ ಬರ್ಮಾದ ಐರಾವತಿ ನದಿಯಲ್ಲಿ ಕಾಲರಾಕ್ಕೆ ಬಲಿಯಾದ. ಅಣ್ಣ ತೊಂಬತ್ತೊಂದರವರೆಗೆ ಬದುಕಿ, 1863ರಲ್ಲಿ ಅಡ್ಮಿರಲ್ ಆಫ್ ದಿ ಫ್ಲೀಟ್ ಪದವಿಗೂ ಏರಿದ. ನನ್ನ ಕೋಷ್ಟಕದ ವರ್ಷಗಳಲ್ಲಿ ಇಬ್ಬರೂ ತಮ್ಮ ತಮ್ಮ ಜಾಗದಲ್ಲೇ ಸಿಕ್ಕರು.

ಹಾದಿ ತಪ್ಪಿ, ನೌಕಾಧಿಕಾರಿ ಪ್ರೊವೊ ವಾಲಿಸ್‌ನ ಹಿಂದೆಯೂ ಎರಡು ವಾರ ಹೋದೆ. ಕೆಲಸಕ್ಕೆ ಬೇಕಿರಲಿಲ್ಲ, ಆದರೂ ಬಿಡಲಾಗಲಿಲ್ಲ. ಹುಟ್ಟಿದ್ದು 1791. ನಾಲ್ಕು ವರ್ಷದ ಮಗುವಾಗಿದ್ದಾಗಲೇ ಹಡಗಿನ ಪುಸ್ತಕದಲ್ಲಿ ಹೆಸರು ಬರೆಸಿದ್ದರು, ಸೇವಾವಧಿ ಲೆಕ್ಕಕ್ಕೆ ಸಿಗಲೆಂದು. 1813ರಲ್ಲಿ ‘ಶಾನನ್’ ಹಡಗಿನ ಕ್ಯಾಪ್ಟನ್ ಗಾಯಗೊಂಡು ಮಲಗಿದಾಗ ಕೆಲವೇ ದಿನ ಅದನ್ನು ನಡೆಸಿ ಹ್ಯಾಲಿಫ್ಯಾಕ್ಸ್ ಮುಟ್ಟಿಸಿದ. 1870ರಲ್ಲಿ ನಿವೃತ್ತಿ ನಿಯಮ ಬಂದಾಗ, ಫ್ರೆಂಚ್ ಯುದ್ಧಕಾಲದಲ್ಲಿ ಹಡಗು ನಡೆಸಿದವರಿಗೆ ವಿನಾಯಿತಿ ಇತ್ತು. ಆ ಕೆಲವು ದಿನಗಳ ಬಲದಿಂದ, 1892ರಲ್ಲಿ ನೂರು ತುಂಬಿ ತೀರಿಕೊಳ್ಳುವವರೆಗೂ ಅವನು ಸಕ್ರಿಯ ಪಟ್ಟಿಯಲ್ಲೇ ಉಳಿದ.

ನಮ್ಮ ಕಲ್ಲಿಗೆ ಮರಳುತ್ತೇನೆ. ಅದೇ ಹೆಸರಿನ ನಾಲ್ವರಲ್ಲಿ ಒಬ್ಬ ಕಮಾಂಡರ್ ಆಗಿದ್ದ. ಇನ್ನೊಬ್ಬ ಓಬರ್ನ್‌ನ ಕಾಲಕ್ಕೆ ಐರ್ಲೆಂಡಿನಲ್ಲಿ ಬದುಕಿದ್ದ. ಮೂರನೆಯವನ ಮುಂದೆ, ವೆಸ್ಟ್ ಇಂಡೀಸ್‌ನಲ್ಲಿದ್ದ ಹಡಗಿನ ಹಾಜರಿ ಪುಸ್ತಕದಲ್ಲಿ ‘ಡಿಡಿ’ ಅಂದರೆ ‘ಸತ್ತು ಬಿಡುಗಡೆ’ ಎಂಬ ಗುರುತು. ಉಳಿದವನು 1815ರ ಫೆಬ್ರವರಿಯ ಲೆಫ್ಟಿನೆಂಟ್. ಆ ಫೆಬ್ರವರಿ, ಮಾರ್ಚ್‌ನಲ್ಲಿ, ನೆಪೋಲಿಯನ್ ಕಾಲದ ಯುದ್ಧಗಳು ಮುಗಿಯುತ್ತಿದ್ದ ಹೊತ್ತಿಗೆ, ನೂರಾರು ಹುಡುಗರಿಗೆ ಕಮಿಷನ್ ಹಂಚಿದರು, ಕೊಡಲು ಹಡಗಿರಲಿಲ್ಲ. 1 ಲಕ್ಷ 40 ಸಾವಿರ ದಾಟಿದ್ದ ನೌಕಾಪಡೆ ಎರಡು ಮೂರು ವರ್ಷದಲ್ಲಿ 20 ಸಾವಿರದ ಆಸುಪಾಸಿಗೆ ಇಳಿಯಿತು. ಇವರ ಪಾಲಿಗೆ ಉಳಿದದ್ದು ಹಡಗಿಲ್ಲದೆ ಕೂತ ಅಧಿಕಾರಿಗೆ ಸಿಗುತ್ತಿದ್ದ ಅರ್ಧ ಸಂಬಳ, ದಿನಕ್ಕೆ ಐದು ಶಿಲ್ಲಿಂಗ್, ವರ್ಷಕ್ಕೆ 91 ಪೌಂಡ್ ಚಿಲ್ಲರೆ.

ಎಡಿಎಂ 25ರ ಅರ್ಧ ಸಂಬಳದ ಪುಸ್ತಕಗಳಲ್ಲಿ ಅವನು 1824ರವರೆಗೆ ಇದ್ದಾನೆ, ಆಮೇಲೆ ಇಲ್ಲ. ಗುಂಪಿನವರು ‘ಸತ್ತ, ಮುಗಿಯಿತು’ ಎಂದರು. ನಾನು ಒಪ್ಪಲಿಲ್ಲ. ಸತ್ತಿದ್ದರೆ ಪಂಕ್ತಿಯಲ್ಲಿ ಅವನ ಜಾಗ ಮುಚ್ಚಿಹೋಗಬೇಕಿತ್ತು. ನನ್ನ ಕೋಷ್ಟಕದಲ್ಲಿ ಅವನು ಕೂತಲ್ಲೇ ಕೂತಿದ್ದ. ಬದುಕಿದ್ದಾನೆ, ಅರ್ಧ ಸಂಬಳ ತೆಗೆದುಕೊಳ್ಳುತ್ತಿಲ್ಲ, ಅಂದರೆ ಎಲ್ಲೋ ಪೂರ್ತಿ ಸಂಬಳವಿದೆ! ಅದೇ ತಿಂಗಳು ಕಮಿಷನ್ ಪಡೆದ ಇನ್ನಿಬ್ಬರೂ ಸುಮಾರು ಅದೇ ವರ್ಷಗಳಲ್ಲಿ ಪುಸ್ತಕದಿಂದ ಮಾಯ. ಅವರಲ್ಲೊಬ್ಬ ಓಬರ್ನ್‌ನಲ್ಲಿದ್ದ: ಕೋಸ್ಟ್ ಬ್ಲಾಕೇಡ್, ಕೆಂಟ್ ಕರಾವಳಿ, ಕಳ್ಳಸಾಗಣೆ ತಡೆಯುವ ಕೆಲಸ. ದಡದಲ್ಲಿ ಕಾವಲು ಕಾಯುವವರ ಹೆಸರು ‘ರಾಮಿಲೀಸ್’ ಹಡಗಿನ ಪುಸ್ತಕದಲ್ಲಿ. ಮುಂದಿನ ಶನಿವಾರ ಕ್ಯೂನಲ್ಲಿ ಆ ಹಾಜರಿ ಪುಸ್ತಕ ತರಿಸಿದೆ. ನಮ್ಮವನು ಅಲ್ಲಿದ್ದ. ಓದುವ ಕೋಣೆಯಲ್ಲಿ ಮಾತಾಡುವಂತಿಲ್ಲ, ಹೊರಗೆ ಕೊಳದ ಬಳಿ ಹೋಗಿ ಅಮ್ಮನಿಗೆ ಫೋನ್ ಮಾಡಿದೆ.

1831ರಲ್ಲಿ ಬ್ಲಾಕೇಡ್ ವಿಸರ್ಜನೆಯಾಯಿತು. ಅದೇ ವರ್ಷ ಅವನು ಅರ್ಧ ಸಂಬಳಕ್ಕೆ ವಾಪಸ್. ತಾಳೆ ಅಂದರೆ ಹೀಗೆ ತಾಳೆಯಾಗಬೇಕು.

ಎಡಿಎಂ 9ರಲ್ಲಿ ಅವನೇ ಬರೆದುಕೊಟ್ಟ ಸೇವಾ ವಿವರವೂ ಸಿಕ್ಕಿತು. ಅದನ್ನು ನಂಬಿ ಒಂದು ತಿಂಗಳು ಹಾಳಾಯಿತು. ಒಂದು ಹಡಗಿನ ತಾರೀಖನ್ನು ಸುಮಾರು ಐದು ತಿಂಗಳು ತಪ್ಪಾಗಿ ಬರೆದಿದ್ದಾನೆ. ಹಾಜರಿ ಪುಸ್ತಕ ನೋಡದೆ ಅಂಥ ವಿವರ ನಂಬಬೇಡಿ.

ಅರ್ಧ ಸಂಬಳದ ರಾಶಿಯಲ್ಲಿ ಯಾವ ತ್ರೈಮಾಸಿಕದ ಪುಸ್ತಕ ಮೊದಲು ತರಿಸಬೇಕು ಎಂಬುದಕ್ಕೆ ನನ್ನದೇ ಒಂದು ಕ್ರಮವಿದೆ. ದಿನದ ಅರ್ಧ ಉಳಿಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಕಲ್ಲಿನ ಮೇಲೆ ಅದು ಕೆಲಸ ಮಾಡುತ್ತಿದೆ.

1838ರ ನಂತರ ಪಂಕ್ತಿಯಲ್ಲಿ ಅವನ ಎಲೆ ಇಲ್ಲ. 1806ರಲ್ಲಿ ಮೊದಲ ಹಡಗು ಹತ್ತಿದಾಗ ಹಾಜರಿಯಲ್ಲಿ ಬರೆದ ವಯಸ್ಸು 15. ಆ ಕಲ್ಲಿರುವ ಚರ್ಚಿನ ಶವಸಂಸ್ಕಾರದ ಪುಸ್ತಕ ತೆಗೆಸಿದೆ. 1838, ಅದೇ ಹೆಸರು, ವಯಸ್ಸು 47.